ಟೊಂಕಕ್ಕೂ ಮೊಣಕಾಲಿಗೂ ನಡುವೆ

2022ರ ಜನವರಿಯ ಮೊದಲ ವಾರ, ಎಳ್ಳಮಾವಾಸ್ಯೆಗೆಂದು ಬಾಗಲಕೋಟೆಯಿಂದ ಊರಿಗೆ ಹೋಗಿದ್ದೆ. ಮುಧೋಳ ತಾಲೂಕಿನ ನಮ್ಮ ಹೊಲದಲ್ಲಿ ಚರಗ ಚೆಲ್ಲಿ, ಬನ್ನಿಗಿಡದ ಕೆಳಗೆ ಕಂಬಳಿ ಹಾಸಿ, ಅವ್ವ ಬುತ್ತಿಯ ಗಂಟು ಬಿಚ್ಚುತ್ತಿದ್ದಳು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ. ಅಷ್ಟರಲ್ಲಿ ಬದುವಿನ ಕಡೆಯಿಂದ ಬರುತ್ತಿದ್ದ ತಮ್ಮನ ಅಂಗಾಲಿಗೆ ಜಾಲಿಮುಳ್ಳು ಚುಚ್ಚಿತು. ಹೊಲದಲ್ಲಿ ಹುಟ್ಟಿ ಬೆಳೆದವನಿಗೆ ಇದು ಹೇಳಿಕೊಳ್ಳುವ ಸಂಗತಿಯೇ ಅಲ್ಲ. ನಿಂತಲ್ಲೇ ಒಂದು ಕಾಲನ್ನು ಇನ್ನೊಂದರ ಮೊಣಕಾಲ ಮೇಲೆ ಏರಿಸಿ, ಉಗುರಿನಿಂದ ಮುಳ್ಳು ಕಿತ್ತು ಎಸೆದು ನಡೆಯುವ ಮನುಷ್ಯ ಅವನು. ಆ ದಿನ ಮಾತ್ರ ಟ್ರ್ಯಾಕ್ಟರಿನ ಟ್ರೇಲರಿಗೆ ಒರಗಿ ನಿಂತು, ಒಂಬತ್ತು ವರ್ಷದ ಮಗಳನ್ನು ಕರೆದು, ಎಡಗಾಲನ್ನು ಹಿಂದಕ್ಕೆ ಮಡಚಿ ಅವಳ ಕೈಗೆ ಕೊಟ್ಟ. ಲಾಳ ಕಟ್ಟಿಸಿಕೊಳ್ಳುವ ಎತ್ತಿನ ಹಾಗೆ ಮುಖ ಆಚೆ ತಿರುಗಿಸಿ ನಿಂತಿದ್ದ. ಹುಡುಗಿ ನಾಲಿಗೆ ಕಚ್ಚಿಕೊಂಡು ಸೇಫ್ಟಿಪಿನ್ನಿನಿಂದ ಮುಳ್ಳು ತೆಗೆದಳು.

ನಾನು ನಕ್ಕು, "ಮುಳ್ಳು ತೆಗೆಯಲಿಕ್ಕೂ ಮಗಳು ಬೇಕೇನು?" ಎಂದೆ. ಅವನೂ ನಕ್ಕ. "ಕಾಲು ಮೇಲೆ ಬರುತ್ತಿಲ್ಲ ಅಕ್ಕಾ" ಎಂದ.

ಆಮೇಲಿನ ಹನ್ನೊಂದು ತಿಂಗಳಲ್ಲಿ ನಾವು ಐದು ದವಾಖಾನೆ ಸುತ್ತಿದೆವು, ಎರಡು ಕಡೆ ಎಣ್ಣೆ ತಿಕ್ಕಿಸಿದೆವು, ಒಂದು ಕಡೆ ಪುಡಿ ತಂದೆವು. ಅಷ್ಟೂ ಕಾಗದಗಳಲ್ಲಿ ಆ ಮೂರು ಪದಗಳಷ್ಟು ಸರಿಯಾಗಿ ರೋಗವನ್ನು ಹೇಳಿದ ಒಂದು ಸಾಲೂ ಇರಲಿಲ್ಲ. ರೋಗಿಯ ಬಾಯಿಂದಲೇ ಅದು ಬಂದಿತ್ತು, ಬುತ್ತಿಯ ಮುಂದೆ ಕುಳಿತು ನಾನೇ ಕೇಳಿದ್ದೆ. ಕೇಳಿ, ಎಣ್ಣೆಗಾಯಿಗೆ ಕೈ ಹಾಕಿದ್ದೆ.

ನಾನು ಮಾಡಿದ ಅನುವಾದ

ಮಾರ್ಚ್ ಹೊತ್ತಿಗೆ ಅವನ ನಡಿಗೆಯಲ್ಲಿ ವಾಲು ಕಾಣಿಸಿತು. ಎಡಗಾಲು ಊರಿದಾಗ ಮೈ ಎಡಕ್ಕೆ ಬಾಗುತ್ತಿತ್ತು. ಕೇಳಿದರೆ ಒಮ್ಮೆ "ಟೊಂಕ ಹಿಡಿದಿದೆ" ಎನ್ನುತ್ತಿದ್ದ, ಇನ್ನೊಮ್ಮೆ "ಮೊಣಕಾಲು ಒಳಗಿನಿಂದ ಜಗ್ಗುತ್ತದೆ" ಎನ್ನುತ್ತಿದ್ದ. ಟೊಂಕ ಎಂದಾಗ ಟೊಂಕಕ್ಕೆ, ಮೊಣಕಾಲು ಎಂದಾಗ ಮೊಣಕಾಲಿಗೆ ಉಪಚಾರ ನಡೆಯಿತು. ಮೊಣಕಾಲಿನ ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ನೋವಿನ ಗುಳಿಗೆ, ಮುಲಾಮು, ಹತ್ತು ದಿನ ವಿಶ್ರಾಂತಿ. ಕಬ್ಬಿಗೆ ನೀರು ಬಿಡುವ ಕಾಲದಲ್ಲಿ ವಿಶ್ರಾಂತಿ ಎಂಬ ಔಷಧ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ನಂತರ ದೊಡ್ಡ ಊರಿನ ದೊಡ್ಡ ಆಸ್ಪತ್ರೆಗೆ ಕರೆದೊಯ್ದೆ. ಅಲ್ಲಿದ್ದ ತಜ್ಞರಿಗೆ ಕನ್ನಡ ಬರುತ್ತಿರಲಿಲ್ಲ. ನಾನು ಪ್ರೌಢಶಾಲೆಯ ಶಿಕ್ಷಕಿ, ತಕ್ಕಮಟ್ಟಿಗೆ ಇಂಗ್ಲಿಷ್ ಬಲ್ಲವಳು. ಮನೆಯಲ್ಲಿ ಯಾರಿಗೆ ಏನಾದರೂ ವೈದ್ಯರ ಎದುರು ಮಾತನಾಡುವ ಕೆಲಸ ನನ್ನದೇ. ತಮ್ಮ ಹೇಳಿದ: "ಟೊಂಕದಲ್ಲಿ, ಇಲ್ಲಿ." ನಾನು ಹೇಳಿದೆ: "ಲೋ ಬ್ಯಾಕ್ ಪೇನ್." ವೈದ್ಯರು ಅದನ್ನೇ ಬರೆದುಕೊಂಡರು. ಬೆನ್ನುಹುರಿಯ ಎಂ.ಆರ್.ಐ. ಆಯಿತು. ಕೆಳಗಿನ ಒಂದು ಡಿಸ್ಕ್ ಸ್ವಲ್ಪ ಉಬ್ಬಿದೆ ಎಂಬ ವರದಿ ಬಂತು. ಕಾರಣ ಸಿಕ್ಕಿತೆಂಬ ನೆಮ್ಮದಿ ಎಲ್ಲರಿಗೂ ಆಯಿತು, ನನಗೆ ಎಲ್ಲರಿಗಿಂತ ಹೆಚ್ಚು.

ಬಹಳ ದಿನಗಳ ಮೇಲೆ ಓದಿ ತಿಳಿದದ್ದೇನೆಂದರೆ, ಡಿಸ್ಕ್ ಉಬ್ಬುವುದು ತಲೆಗೂದಲು ನರೆಯುವಷ್ಟು ಸಾಮಾನ್ಯ. 1994ರಲ್ಲಿ ಅಮೆರಿಕದ ವೈದ್ಯರು ಬೆನ್ನುನೋವೇ ಇಲ್ಲದ 98 ಜನರ ಬೆನ್ನನ್ನು ಎಂ.ಆರ್.ಐ.ನಲ್ಲಿ ನೋಡಿದಾಗ, ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಒಂದಲ್ಲ ಒಂದು ಡಿಸ್ಕ್ ಉಬ್ಬಿತ್ತು. ಯಾರ ಬೆನ್ನನ್ನು ಹುಡುಕಿದರೂ ಏನಾದರೊಂದು ಸಿಗುತ್ತದೆ. ಸಿಕ್ಕಿದ್ದು ನೋವಿನ ಮೂಲವೇ ಎಂದು ತಿಳಿಯಬೇಕಾದರೆ ಕಾಲನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಬೇಕಿತ್ತು. ಆ ದಿನ ನಮ್ಮ ಹಿಂದೆ ನಲವತ್ತು ಜನ ಚೀಟಿ ಹಿಡಿದು ನಿಂತಿದ್ದರು. ತಮ್ಮನ ಪ್ಯಾಂಟಿನ ಮಡಿಕೆ ಕೂಡ ಅಲ್ಲಾಡಲಿಲ್ಲ.

ಆದರೂ ಆ ವೈದ್ಯರ ಮೇಲೆ ಎಲ್ಲ ಹೊರೆ ಹೊರಿಸಿ ಸುಮ್ಮನಾಗಲು ನನ್ನಿಂದ ಆಗುವುದಿಲ್ಲ. ಟೊಂಕ ಎಂದರೆ ಬೆನ್ನು ಎಂದು ಹೇಳಿದವಳು ನಾನು. ನಮ್ಮ ಕಡೆ ಟೊಂಕ ಎಂದರೆ ಪಕ್ಕೆಲುಬಿನ ಕೆಳಗಿನಿಂದ ತೊಡೆ ಶುರುವಾಗುವವರೆಗಿನ ಇಡೀ ಸೀಮೆ. ಟೊಂಕ ಕಟ್ಟಿ ನಿಲ್ಲುವುದು, ಟೊಂಕದ ಮೇಲೆ ಕೊಡ ಇಟ್ಟುಕೊಳ್ಳುವುದು, ಟೊಂಕ ಮುರಿಯುವಂತೆ ದುಡಿಯುವುದು, ಎಲ್ಲಕ್ಕೂ ಅದೊಂದೇ ಮಾತು. ಸೊಂಟ ಎಂದರೂ ಅಷ್ಟೇ ಅಸ್ಪಷ್ಟ. ತೊಡೆಯೆಲುಬಿನ ತಲೆಯಲ್ಲಿರುವ ಗುಂಡು ಹೋಗಿ ಬಟ್ಟಲಿನಲ್ಲಿ ಕೂಡುವ ಆ ಕೀಲಿಗೆ, ಮೈಯಲ್ಲಿಯೇ ಅತಿ ದೊಡ್ಡ ಭಾರ ಹೊರುವ ಜಾಗಗಳಲ್ಲಿ ಒಂದಕ್ಕೆ, ನಮ್ಮ ಅಡುಗೆಮನೆಯಲ್ಲಿ, ಹೊಲದಲ್ಲಿ, ಬಸ್ಸಿನಲ್ಲಿ ಆಡುವ ಹೆಸರಿಲ್ಲ. ಕಾವ್ಯದಲ್ಲಿ ನಿತಂಬವಿದೆ, ಜಘನವಿದೆ, ಕಟಿ ಇದೆ. ಅವೆಲ್ಲ ನೋಡುವವರ ಕಣ್ಣಿಗೆ ಕಂಡ ಹೊರಮೈ. ಚಪ್ಪೆ ಎಂಬ ಮಾತು ನಮ್ಮ ಅಜ್ಜಿಯ ಬಾಯಲ್ಲಿತ್ತು, ಅದೂ ಪಕ್ಕದ ಎಲುಬಿಗೇ ಹೆಚ್ಚು. ಪತ್ರಿಕೆಗಳು ಸೊಂಟದ ಕೀಲು ಎಂದು ಬರೆಯುತ್ತವೆ. ಹಾಗೆಂದು ನೋವು ತಿಂದು ಕೂಗಿದ ಒಬ್ಬರನ್ನೂ ನಾನು ಕಂಡಿಲ್ಲ.

ಹೆಸರಿಲ್ಲದ್ದಕ್ಕೇ ರೋಗ ತಪ್ಪಿಹೋಯಿತು ಎಂದರೆ ಅತಿಯಾದೀತು. ಹೆಸರುಳ್ಳ ನಾಡುಗಳಲ್ಲೂ ಈ ಕೀಲು ಜನರನ್ನು ದಾರಿ ತಪ್ಪಿಸುತ್ತದೆ. ಈ ಕೀಲಿಗೆ ಹೋಗುವ ನರಗಳ ಕವಲುಗಳೇ ಮೊಣಕಾಲಿಗೂ ಹೋಗುತ್ತವೆ. ಆಬ್ಚುರೇಟರ್ ಎಂಬ ನರ ಎರಡು ಮನೆಗೂ ಒಬ್ಬನೇ ಅಂಚೆಯವನು. ಮೇಲಿನ ಮನೆಯ ಕಾಗದವನ್ನು ಮಿದುಳು ಎಷ್ಟೋ ಸಲ ಕೆಳಗಿನ ಮನೆಯದೆಂದು ಓದುತ್ತದೆ. ಹೀಗಾಗಿ ಮೊಣಕಾಲು ಎಂದು ತಮ್ಮ ಹೇಳಿದ್ದೂ ಸುಳ್ಳಲ್ಲ. ಆದರೆ ಮಾತು ಎರಡು ನಿಲ್ದಾಣಗಳ ಹೆಸರನ್ನಷ್ಟೇ ಹೇಳಿತು, ನಾವು ಆ ಎರಡರಲ್ಲೇ ಇಳಿದು ಹುಡುಕಿದೆವು.

ಮುಖ ತುಂಬಿಕೊಂಡದ್ದು

ಮಳೆಗಾಲದಲ್ಲಿ ಯಾರೋ ಹೇಳಿದರೆಂದು ಸಂತೆಯ ಊರೊಂದರಿಂದ ತಮ್ಮ ಪುಡಿ ತಂದ. ಹಳೆಯ ಪಂಚಾಂಗದ ಹಾಳೆಯಲ್ಲಿ ಕಟ್ಟಿದ ಚಿಕ್ಕ ಚಿಕ್ಕ ಪೊಟ್ಟಣಗಳು, ಮೇಲೆ ಹೆಸರಿಲ್ಲ, ಅಳತೆಯಿಲ್ಲ. ಬೆಳಿಗ್ಗೆ ಒಂದು, ರಾತ್ರಿ ಒಂದು. ನಾಲ್ಕನೆಯ ದಿನ ಅವನು ಫೋನ್ ಮಾಡಿ, "ಅಕ್ಕಾ, ನೋವೇ ಇಲ್ಲ" ಎಂದ. ಆ ಧ್ವನಿಯ ಹಗುರು ನನಗೆ ಇನ್ನೂ ನೆನಪಿದೆ. ಎರಡು ತಿಂಗಳು ಕಳೆದ ಮೇಲೆ ಊರಿಗೆ ಹೋದಾಗ ಅವ್ವ ಅವನ ಕೆನ್ನೆ ಸವರಿ, "ನೋಡು, ಮುಖ ಹೇಗೆ ತುಂಬಿಕೊಂಡಿದೆ" ಎಂದು ಹಿಗ್ಗಿದಳು. ನಿಜವಾಗಿಯೂ ಮುಖ ಹುಣ್ಣಿಮೆಯ ಹಾಗೆ ದುಂಡಗಾಗಿತ್ತು. ದವಾಖಾನೆಗೆ ಅಲೆದು ಇಳಿದಿದ್ದ ಮಗ ಮತ್ತೆ ಮೈ ಹಿಡಿದನೆಂದು ಅವಳು ಸಂತೋಷಪಟ್ಟಳು. ಆ ಸಂತೋಷ ನೆನಪಾದರೆ ನನಗೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಸ್ಟೀರಾಯ್ಡ್ ಬಹಳ ದಿನ ಮೈಗೆ ಹೋದರೆ ಮುಖ ಹೀಗೆಯೇ ದುಂಡಗಾಗುತ್ತದೆ ಎಂದು ನಮಗೆ ಹೇಳಿದವರು ಆಮೇಲಿನ ವೈದ್ಯರು. ಪುಡಿಯ ಪೊಟ್ಟಣ ಆ ಹೊತ್ತಿಗೆ ಮನೆಯಲ್ಲಿ ಉಳಿದಿರಲಿಲ್ಲ, ಪರೀಕ್ಷೆ ಮಾಡಿಸಲು ಏನೂ ಇರಲಿಲ್ಲ. ನಾಲ್ಕು ದಿನದಲ್ಲಿ ಮಾಯವಾದ ನೋವು ಮತ್ತು ಆ ಮುಖ ಎರಡನ್ನೂ ಕೇಳಿ ಅವರು ಕಣ್ಣು ಮುಚ್ಚಿ ತಲೆ ಅಲ್ಲಾಡಿಸಿದರು, ಅಷ್ಟೇ.

ಅದಕ್ಕೂ ಮೊದಲಿನದೊಂದು ಇತ್ತು. 2021ರ ಮೇ ತಿಂಗಳಲ್ಲಿ ಕೊರೊನಾ ಬಂದು ತಮ್ಮ ಒಂಬತ್ತು ದಿನ ಆಮ್ಲಜನಕದ ಮೇಲಿದ್ದ. ಬಿಡುಗಡೆಯ ಕಾಗದದಲ್ಲಿ ಮೀಥೈಲ್‌ಪ್ರೆಡ್ನಿಸೋಲೋನ್ ಎಂಬ ಹೆಸರಿದೆ, ಅದೂ ಸ್ಟೀರಾಯ್ಡ್. ಇದರ ಬಗ್ಗೆ ನನ್ನ ಮನಸ್ಸಿನಲ್ಲಿ ಯಾವ ಸಿಟ್ಟೂ ಇಲ್ಲ. 2020ರ ಜೂನ್‌ನಲ್ಲಿ ಬ್ರಿಟನ್ನಿನ ರಿಕವರಿ ಪ್ರಯೋಗ ತೋರಿಸಿಕೊಟ್ಟಿತ್ತು: ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡನ್ನು ದಿನಕ್ಕೆ 6 ಮಿಲಿಗ್ರಾಂನಂತೆ ಹೆಚ್ಚೆಂದರೆ 10 ದಿನ ಕೊಟ್ಟರೆ, ವೆಂಟಿಲೇಟರಿನಲ್ಲಿದ್ದವರ ಸಾವು ಸುಮಾರು ಮೂರನೇ ಒಂದರಷ್ಟು, ಆಮ್ಲಜನಕ ಮಾತ್ರ ಬೇಕಾದವರ ಸಾವು ಐದನೇ ಒಂದರಷ್ಟು ಇಳಿಯುತ್ತದೆ. ಆ ಮೇ ತಿಂಗಳಲ್ಲಿ ನಮ್ಮ ಓಣಿಯಿಂದಲೇ ಮೂವರು ಹೋದರು; ತಮ್ಮ ನಡೆದುಕೊಂಡು ಮನೆಗೆ ಬಂದ. ಆ ಔಷಧಕ್ಕೆ ಕೈ ಮುಗಿಯುತ್ತೇನೆ. ಬಿಡುಗಡೆಯ ಕಾಗದದ ಕೊನೆಗೆ ಒಂದು ಸಾಲು ಇದ್ದಿದ್ದರೆ ಸಾಕಿತ್ತು: ಮುಂದಿನ ಒಂದೆರಡು ವರ್ಷದೊಳಗೆ ತೊಡೆಸಂದಿಯಲ್ಲಿ ನೋವು ಬಂದರೆ ತಡಮಾಡದೆ ಬನ್ನಿರಿ ಎಂದು. ಔಷಧ ಕೊಟ್ಟ ಕೈಗೆ ಅಷ್ಟು ಬರೆಯುವುದು ಭಾರವಾಗುತ್ತಿರಲಿಲ್ಲ.

ಸುಳ್ಳು ಹೇಳದ ಕೈ

ನವೆಂಬರಿನಲ್ಲಿ ಪುಡಿಯೂ ನಾಟದಾಯಿತು. ಬೆಲ್ಟ್ ಕಟ್ಟಿ ಬೆನ್ನನ್ನು ಜಗ್ಗುವ ಟ್ರ್ಯಾಕ್ಷನ್ ಹಾಕಿಸಲೆಂದು ಅವನನ್ನು ನವನಗರದ ನನ್ನ ಮನೆಗೆ ಕರೆಸಿಕೊಂಡೆ. ಹತ್ತಿರದಲ್ಲೇ ಒಬ್ಬ ಫಿಸಿಯೋಥೆರಪಿಸ್ಟ್ ಇದ್ದರು, ಕಾಲೇಜು ಮುಗಿಸಿ ಎರಡು ವರ್ಷವೂ ಆಗಿರದ ಹುಡುಗಿ. ಅವಳು ಫೈಲು ತೆರೆಯುವ ಮೊದಲು, "ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತುಕೊಳ್ಳಿ" ಎಂದಳು. ತಮ್ಮ ಕುಳಿತ. ಬಲಗಾಲು ಮಡಚಿತು, ಎಡಗಾಲಿನ ಮೊಣಕಾಲು ಮಾತ್ರ ಕೆಳಗಿಳಿಯದೆ ಗೂಟದ ಹಾಗೆ ಮೇಲೆಯೇ ನಿಂತಿತು. "ನೋವು ಎಲ್ಲಿ? ಹೇಳಬೇಡಿ, ತೋರಿಸಿ" ಎಂದಳು.

ಅವನು ತೋರಿಸಿದ. ಎಡಗೈಯ ಹೆಬ್ಬೆರಳು ಹಿಂದೆ, ಉಳಿದ ನಾಲ್ಕು ಬೆರಳು ಮುಂದೆ ತೊಡೆಸಂದಿಯಲ್ಲಿ. ಪಕ್ಕದಿಂದ ಆ ಇಡೀ ಜಾಗವನ್ನು ಕೈ ಅರ್ಧಚಂದ್ರವಾಗಿ ಹಿಡಿದಿತ್ತು, ತಂಬಿಗೆಯನ್ನು ಪಕ್ಕದಿಂದ ಹಿಡಿಯುವ ಹಾಗೆ. ನನಗೆ ಎದೆ ಧಸಕ್ಕೆಂದಿತು. ಆ ಕೈಯನ್ನು ನಾನು ಮೊದಲೂ ಕಂಡಿದ್ದೆ. ದೊಡ್ಡ ಆಸ್ಪತ್ರೆಯ ತಜ್ಞರೆದುರು "ಟೊಂಕದಲ್ಲಿ, ಇಲ್ಲಿ" ಎನ್ನುವಾಗಲೂ ಅವನು ಹೀಗೆಯೇ ಹಿಡಿದಿದ್ದ. ನಾನು ಟೊಂಕ ಎಂಬುದನ್ನು ಅನುವಾದಿಸಿ, ಇಲ್ಲಿ ಎಂಬುದನ್ನು ಬಿಟ್ಟುಬಿಟ್ಟಿದ್ದೆ. ಈ ಕೀಲು ಕೆಟ್ಟವರು ಬಹಳಷ್ಟು ಮಂದಿ ಹೀಗೆಯೇ ಕೈ ಇಟ್ಟು ತೋರಿಸುತ್ತಾರಂತೆ. ಇಂಗ್ಲಿಷಿನ ಸಿ ಅಕ್ಷರದಂತಿರುವ ಆ ಕೈಗೆ ವೈದ್ಯರ ಪುಸ್ತಕಗಳಲ್ಲಿ ಸಿ ಚಿಹ್ನೆ ಎಂದೇ ಹೆಸರು.

ಆ ಹುಡುಗಿ ಅವನನ್ನು ಅಂಗಾತ ಮಲಗಿಸಿದಳು. ಎಡ ಮೊಣಕಾಲನ್ನು ಮಡಚಿ ಹೊಟ್ಟೆಯ ಕಡೆ ತಂದು, ಮೊಣಕಾಲು ಅಲ್ಲಾಡದಂತೆ ಹಿಡಿದು, ಪಾದವನ್ನು ಮೆಲ್ಲಗೆ ಹೊರಕ್ಕೆ ತಳ್ಳಿದಳು. ಪಾದ ಹೊರಕ್ಕೆ ಹೋದರೆ ತೊಡೆಯೆಲುಬು ಒಳಕ್ಕೆ ತಿರುಗುತ್ತದೆ. ಈ ಕೀಲು ಕೆಡತೊಡಗಿದಾಗ ಮೊದಮೊದಲು ಕಳೆದುಹೋಗುವ ಚಲನೆ ಅದೇ. ಎರಡು ಬೆರಳಿನಷ್ಟು ದೂರವೂ ಹೋಗಲಿಲ್ಲ, ತಮ್ಮ ಮಂಚದ ಅಂಚು ಹಿಡಿದು ಚೀರಿದ. ಬಲಗಾಲಿಗೂ ಹಾಗೆ ಮಾಡಿದಳು. ಅದು ತಿರುಗಿತು, ಆದರೆ ಕೊನೆಯಲ್ಲಿ ಅವನ ಹುಬ್ಬು ಗಂಟಿಕ್ಕಿತು. ಅವಳು ಟ್ರ್ಯಾಕ್ಷನ್ನಿನ ಬೆಲ್ಟನ್ನು ಗೋಡೆಗೆ ನೇತುಹಾಕಿ, ಕೈ ಒರೆಸಿಕೊಂಡು, "ಇದು ಬೆನ್ನು ಅಲ್ಲ, ನಾನು ಇವರಿಗೆ ಏನೂ ಮಾಡುವುದಿಲ್ಲ. ಇವತ್ತೇ ಎರಡೂ ಕೀಲು ಕಾಣುವಂತೆ ಎಕ್ಸ್‌ರೇ ತೆಗೆಸಿ" ಎಂದಳು. ದುಡ್ಡು ತೆಗೆದುಕೊಳ್ಳಲಿಲ್ಲ. ಎಲ್ಲವೂ ಸೇರಿ ಹತ್ತು ನಿಮಿಷ ಆಗಿರಬಹುದು.

ಕಾಲುವೆಯ ಕೊನೆಯ ಹೊಲ

ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದ ಮೂಳೆ ವೈದ್ಯರು ಎಡಗಡೆಯ ಗುಂಡಿನ ಮೇಲ್ಭಾಗದಲ್ಲಿ ತೆಳುವಾದ ಕಪ್ಪು ಗೆರೆಯೊಂದನ್ನು ಪೆನ್ನಿನ ತುದಿಯಿಂದ ತೋರಿಸಿದರು. ಬಿದಿಗೆಯ ಚಂದ್ರನಂತೆ ಬಾಗಿದ ಗೆರೆ. ಮೃದ್ವಸ್ಥಿಯ ಪದರದ ಕೆಳಗೆ ಸತ್ತ ಎಲುಬು ಕುಸಿದು, ಎರಡರ ನಡುವೆ ಬಿಟ್ಟ ಬಿರುಕು ಅದು. ಅವಾಸ್ಕುಲರ್ ನೆಕ್ರೋಸಿಸ್ ಎಂದರು. ರಕ್ತ ಸಿಗದೆ ಎಲುಬು ಸಾಯುವುದು.

ನಮ್ಮಂಥವರಿಗೆ ಇದು ಬೇಗ ಅರ್ಥವಾಗುತ್ತದೆ. ನಮ್ಮ ಹೊಲ ಘಟಪ್ರಭಾ ಎಡದಂಡೆ ಕಾಲುವೆಯ ತುದಿಯಲ್ಲಿದೆ. ಹಿಡಕಲ್ ಜಲಾಶಯ ತುಂಬಿ ತುಳುಕಿದ ವರ್ಷವೂ ಮೇಲಿನವರು ತೂಬು ತಿರುವಿದರೆ ನಮ್ಮ ಪಾಲಿಗೆ ಕೆಸರು ಮಾತ್ರ. ತೊಡೆಯೆಲುಬಿನ ಗುಂಡು ಹಾಗೆಯೇ ಕಟ್ಟಕಡೆಯ ಹೊಲ. ಅದಕ್ಕೆ ಬರುವ ರಕ್ತದ ಬಹುಪಾಲು ಎಲುಬಿನ ಕತ್ತನ್ನು ಅಪ್ಪಿಕೊಂಡು ಮೇಲೇರುವ ಸಣ್ಣ ಸಣ್ಣ ನಾಳಗಳಿಂದ ಬರುತ್ತದೆ. ಅವುಗಳಲ್ಲೊಂದು ಮುಚ್ಚಿದರೆ ಬೇರೆ ಕಡೆಯಿಂದ ನೀರು ತಿರುಗಿಸಿಕೊಳ್ಳಲು ಅಕ್ಕಪಕ್ಕದ ಕಾಲುವೆ ಇಲ್ಲ. ಆ ಎಲುಬಿನ ಕತ್ತು ಮುರಿದ ಮುದುಕರಲ್ಲಿ ಈ ನಾಳಗಳು ಹರಿದುಹೋಗಿ ಗುಂಡು ಸಾಯುವುದುಂಟು. ಸ್ಟೀರಾಯ್ಡ್ ಹೆಚ್ಚಾದವರಲ್ಲಿ, ಹೆಚ್ಚು ಕುಡಿಯುವವರಲ್ಲಿ, ಕುಡಗೋಲು ಕಣದ (ಸಿಕಲ್ ಸೆಲ್) ರಕ್ತರೋಗ ಇರುವವರಲ್ಲಿ ಏನೂ ಮುರಿಯದೆಯೇ ಒಳಗಿನಿಂದ ಹರಿವು ನಿಲ್ಲುತ್ತದೆ. ಮಜ್ಜೆಯ ಕೊಬ್ಬಿನ ಕಣಗಳು ಉಬ್ಬಿ ಒತ್ತಡ ಏರುವುದರಿಂದ, ಸಣ್ಣ ನಾಳಗಳಲ್ಲಿ ತಡೆಯಾಗುವುದರಿಂದ ಹೀಗಾಗುತ್ತದೆ ಎಂದು ವಿವರಿಸಿದರು. ಒಂದು ಕಡೆ ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಇನ್ನೊಂದು ಕಡೆಯೂ ಇರುತ್ತದೆ, ಮೊದಲ ಹಂತದಲ್ಲಿ ಎಕ್ಸ್‌ರೇಗೆ ಕಾಣುವುದೇ ಇಲ್ಲ, ಬಲಗಡೆಗಾಗಿ ಎಂ.ಆರ್.ಐ. ಆಗಲೇಬೇಕು ಎಂದರು.

ಎಲುಬು ಸತ್ತ ಕೂಡಲೇ ನೋವು ಬರುವುದಿಲ್ಲ, ಕೂಡಲೇ ಕುಸಿಯುವುದೂ ಇಲ್ಲ. ಒಳಗೆ ಸತ್ತಿದ್ದರೂ ಹೊರಗಿನ ದುಂಡು ತಿಂಗಳುಗಟ್ಟಲೆ ಹಾಗೆಯೇ ನಿಂತಿರುತ್ತದೆ. ಆ ತಿಂಗಳುಗಳಲ್ಲೇ ಹಿಡಿದರೆ ತೊಡೆಯ ಬದಿಯಿಂದ ಗುಂಡಿನವರೆಗೆ ರಂಧ್ರ ಕೊರೆದು ಒಳಒತ್ತಡ ಇಳಿಸಬಹುದು. ಕೋರ್ ಡಿಕಂಪ್ರೆಷನ್ ಎನ್ನುತ್ತಾರೆ. ಎಲ್ಲರಿಗೂ ಫಲಿಸುವುದಿಲ್ಲ, ಆದರೂ ಎಷ್ಟೋ ಜನರ ಸ್ವಂತ ಕೀಲು ಉಳಿದಿದೆ. ಗುಂಡು ಒಮ್ಮೆ ಚಪ್ಪಟೆಯಾದ ಮೇಲೆ ಆ ದಾರಿ ಮುಚ್ಚುತ್ತದೆ. ಎಳ್ಳಮಾವಾಸ್ಯೆಯ ದಿನ ತಮ್ಮನ ಎಡಗುಂಡು ಇನ್ನೂ ದುಂಡಗಿತ್ತೇ? ಇದನ್ನು ನಾನು ವೈದ್ಯರನ್ನು ಕೇಳಿದೆ. ಅವರು ಒಳ್ಳೆಯ ಮನುಷ್ಯರು, ಉತ್ತರ ಕೊಡಲಿಲ್ಲ.

ಖುಬಾ

ಎಂ.ಆರ್.ಐ.ಗೆ ಮಹಾರಾಷ್ಟ್ರದ ಮಿರಜ್‌ಗೆ ಹೋದೆವು. ಬಾಗಲಕೋಟೆಯಲ್ಲೂ ವಿಜಯಪುರದಲ್ಲೂ ಬೆಳಗಾವಿಯಲ್ಲೂ ಈಗ ದೊಡ್ಡ ಆಸ್ಪತ್ರೆಗಳಿವೆ, ಮೆಡಿಕಲ್ ಕಾಲೇಜುಗಳಿವೆ. ಆದರೂ ಜಮಖಂಡಿ, ಅಥಣಿ ಕಡೆಯ ಹಿರಿಯರಿಗೆ ಗಂಭೀರ ಕಾಯಿಲೆ ಎಂದರೆ ಇಂದಿಗೂ ಮಿರಜ್. ವಾನ್ಲೆಸ್ ಎಂಬ ಮಿಷನರಿ ವೈದ್ಯರು 1894ರಲ್ಲಿ ಅಲ್ಲಿ ಆಸ್ಪತ್ರೆ ತೆರೆದಾಗಿನಿಂದ ಬಿದ್ದ ರೂಢಿ ಅದು. ಅಪ್ಪನನ್ನೂ ಕೊನೆಗೆ ಅಲ್ಲಿಗೇ ಒಯ್ದಿದ್ದೆವು. ಕೃಷ್ಣೆಯ ಸೇತುವೆ ದಾಟುವಾಗ ಅವ್ವ ಎಂದಿನಂತೆ ಕಿಟಕಿಯಿಂದ ಒಂದು ನಾಣ್ಯ ಎಸೆದು ಕೈ ಮುಗಿದಳು.

ಅಲ್ಲಿ ಸ್ಕ್ಯಾನಿಂಗ್ ಕೋಣೆಯ ಹೊರಗೆ ನೀಲಿ ಸೀರೆಯ ಆಯಾ ಒಬ್ಬರು ತಮ್ಮನ ನಡಿಗೆಯನ್ನು ನೋಡಿದವರೇ ಮರಾಠಿಯಲ್ಲಿ, "ಖುಬಾ ಕಾ?" ಎಂದು ಕೇಳಿದರು. ನಮ್ಮ ಕಾಗದ ನೋಡಿರಲಿಲ್ಲ. ಖುಬಾ ಎಂದರೇನು ಎಂದೆ. ಅವರು ತಮ್ಮ ಕೈಯನ್ನು ಪಕ್ಕಕ್ಕೆ ಇಟ್ಟು ತೋರಿಸಿದರು: ಹೆಬ್ಬೆರಳು ಹಿಂದೆ, ನಾಲ್ಕು ಬೆರಳು ಮುಂದೆ. ಅದೇ ಕೈ. ನದಿ ದಾಟಿ ಐವತ್ತು ಅರವತ್ತು ಕಿಲೋಮೀಟರ್ ಬಂದರೆ ಈ ಕೀಲಿಗೆ ಒಂದು ಹೆಸರಿತ್ತು. ಎರಡೇ ಅಕ್ಷರ, ಆಯಾಳಿಂದ ಪ್ರೊಫೆಸರರವರೆಗೆ ಎಲ್ಲರಿಗೂ ಗೊತ್ತಿರುವ ಮಾತು. ಅವರ ಪತ್ರಿಕೆಗಳಲ್ಲಿ, ಆಸ್ಪತ್ರೆಯ ಫಲಕಗಳಲ್ಲಿ ಎಲ್ಲ ಕಡೆ ಅದೇ. ಗಡಿಯ ಕನ್ನಡಿಗರಲ್ಲಿ ಕೆಲವರು ಇದನ್ನು ಬಳಸುತ್ತಾರಂತೆ, ನಮ್ಮ ಊರಿನವರೆಗೆ ಬಂದಿರಲಿಲ್ಲ. ಆ ಬೆಂಚಿನ ಮೇಲೆ ಕುಳಿತು ತಮ್ಮ ನಾಲ್ಕಾರು ಸಲ ಮೆಲ್ಲಗೆ ಹೇಳಿಕೊಂಡ. ಖುಬಾ. ಖುಬಾ. ಕಳೆದುಹೋದ ದನದ ಹೆಸರು ಹಿಡಿದು ಕೂಗುವವನ ಹಾಗೆ.

ಎಡಗಡೆ ಕುಸಿದಿತ್ತು. ಬಲಗಡೆ ಸತ್ತ ಭಾಗವಿತ್ತು, ಇನ್ನೂ ಕುಸಿದಿರಲಿಲ್ಲ.

ತಟ್ಟೆಯಲ್ಲಿ ಬಂದದ್ದು

2023ರ ಫೆಬ್ರವರಿಯಲ್ಲಿ ಬೆಳಗಾವಿಯಲ್ಲಿ ಶಸ್ತ್ರಚಿಕಿತ್ಸೆ ಆಯಿತು. ಒಂದೇ ಅರಿವಳಿಕೆಯಲ್ಲಿ ಬಲಗಡೆ ರಂಧ್ರ ಕೊರೆದು, ಎಡಗಡೆ ಕೀಲನ್ನೇ ಬದಲಿಸಿದರು. ಹಣದ ವಿಷಯ ಇಲ್ಲಿ ಬರೆಯುವುದಿಲ್ಲ. ಎರಡು ಎಮ್ಮೆ, ಅವನ ಹೆಂಡತಿಯ ಬಳೆ, ನನ್ನ ಭವಿಷ್ಯನಿಧಿಯ ಸಾಲ, ಎಲ್ಲ ಮನೆಗಳಲ್ಲೂ ಆಗುವಂಥದ್ದೇ.

ಶಸ್ತ್ರಚಿಕಿತ್ಸಕರು ಹೊರಬಂದು ಸ್ಟೀಲಿನ ತಟ್ಟೆಯೊಂದನ್ನು ನಮ್ಮ ಮುಂದೆ ಹಿಡಿದರು. ಬಿಳಿ ಬಟ್ಟೆ ಸರಿಸಿದಾಗ ತಮ್ಮನ ಎಲುಬಿನ ಗುಂಡು ಇತ್ತು, ದೊಡ್ಡ ಗಜನಿಂಬೆಯಷ್ಟು. ಒಂದು ಮಗ್ಗುಲು ಹೊಳೆಯುವ ದಂತದಂತೆ ನುಣುಪು, ಇನ್ನೊಂದು ಮಗ್ಗುಲು ತಗ್ಗು ಬಿದ್ದು, ಮೇಲಿನ ಪದರ ಹಳೆಯ ಗೋಡೆಯ ಸುಣ್ಣ ಹಕ್ಕಳೆ ಎದ್ದಂತೆ ಬಿಟ್ಟುಕೊಂಡಿತ್ತು. ಅದರ ಕೆಳಗೆ ಹಳದಿ ಬಣ್ಣದ ಒಣ ಎಲುಬು, ಬೇಸಿಗೆಯ ಎರೆಹೊಲದಂತೆ ಬಿರಿದದ್ದು. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನೋಡಿದಳು. ಆಮೇಲೆ ತೋರುಬೆರಳು ಚಾಚಿ, ವೈದ್ಯರು ಬೇಡ ಎನ್ನುವುದರೊಳಗೆ, ಆ ನುಣುಪಾದ ಮಗ್ಗುಲನ್ನು ಒಮ್ಮೆ ಮುಟ್ಟಿದಳು. ಅವಳು ಹೆತ್ತದ್ದು ಅದು.

ಅದರ ಜಾಗದಲ್ಲಿ ಈಗ ಟೈಟಾನಿಯಂ ಬಟ್ಟಲು, ಟೈಟಾನಿಯಂ ಕಾಂಡ, ಸೆರಾಮಿಕ್ ಗುಂಡು, ನಡುವೆ ಪಾಲಿಥಿಲೀನ್ ಪದರ. ವಯಸ್ಸು ಚಿಕ್ಕದಾದ್ದರಿಂದ ಸಿಮೆಂಟ್ ಹಾಕದೆ, ಲೋಹದ ಒರಟು ಮೈಯೊಳಗೆ ಅವನದೇ ಎಲುಬು ಬೆಳೆದು ಹಿಡಿದುಕೊಳ್ಳಲು ಬಿಟ್ಟರು. ಇದರ ಮೂಲರೂಪ 1962ರಲ್ಲಿ ಇಂಗ್ಲೆಂಡಿನ ರೈಟಿಂಗ್‌ಟನ್ ಆಸ್ಪತ್ರೆಯಲ್ಲಿ ಮೂಳೆ ಶಸ್ತ್ರಚಿಕಿತ್ಸಕ ಜಾನ್ ಚಾರ್ನ್ಲಿ ಮಾಡಿದ್ದು. ಅವರು ಮೊದಲು ಟೆಫ್ಲಾನ್ ಬಟ್ಟಲು ಹಾಕಿ, ಅದು ಕೆಲವೇ ವರ್ಷಗಳಲ್ಲಿ ಸವೆದು ರೋಗಿಗಳು ನರಳಿದ್ದನ್ನು ಕಂಡವರು. ಆ ವಸ್ತು ಮೈಯೊಳಗೆ ಏನು ಮಾಡುತ್ತದೆ ಎಂದು ತಿಳಿಯಲು ಅದನ್ನು ತಮ್ಮದೇ ತೊಡೆಯಲ್ಲಿ ಸೇರಿಸಿಕೊಂಡು ನೋಡಿದವರು. ಇದನ್ನು ಓದಿದ ದಿನ ಆ ಮನುಷ್ಯನ ಮೇಲೆ ನನಗೆ ಬಹಳ ಗೌರವ ಉಂಟಾಯಿತು. ಜತೆಗೇ ಇನ್ನೊಂದೂ ತೋರಿತು: ಆ ಕೀಲು ಕುರ್ಚಿಯ ನಾಡಿನಲ್ಲಿ, ಕುರ್ಚಿಯ ಮೇಲೆ ಕೂರುವ ವಯಸ್ಸಾದವರಿಗಾಗಿ ಹುಟ್ಟಿತು.

ಮರುದಿನವೇ ವಾಕರ್ ಹಿಡಿಸಿ ನಿಲ್ಲಿಸಿದರು. ಬಿಡುಗಡೆಯ ದಿನ ನಿಯಮಗಳ ಹಾಳೆ ಕೈಗೆ ಬಂತು. ನೆಲದ ಮೇಲೆ ಕೂರಬಾರದು, ಚಕ್ಕಳಮಕ್ಕಳ ಹಾಕಬಾರದು, ಕುಕ್ಕರಗಾಲಿನಲ್ಲಿ ಕೂರಬಾರದು, ಕಾಲ ಮೇಲೆ ಕಾಲು ಹಾಕಬಾರದು, ಮೊಣಕಾಲಿಗಿಂತ ತಗ್ಗಿನ ಆಸನ ಬೇಡ, ಮಗ್ಗುಲಾದರೆ ಕಾಲುಗಳ ನಡುವೆ ದಿಂಬು ಇರಲಿ. ಅತಿಯಾಗಿ ಬಾಗಿ ತಿರುಗಿದರೆ ಗುಂಡು ಬಟ್ಟಲಿನಿಂದ ಜಾರುತ್ತದೆ. ಕೆಲವು ತಿಂಗಳಾದ ಮೇಲೆ ಒಂದೆರಡು ಸಡಿಲವಾಗುತ್ತವೆ, ನೆಲ ಮಾತ್ರ ಆದಷ್ಟು ಮಟ್ಟಿಗೆ ಬೇಡ ಎಂದರು. ನಾನು ಆ ಹಾಳೆಯನ್ನು ಓದುತ್ತ ಓದುತ್ತ ನಮ್ಮ ಮನೆಯನ್ನು ಕಣ್ಣ ಮುಂದೆ ತಂದುಕೊಂಡೆ. ನಮ್ಮಲ್ಲಿ ನೆಲದಿಂದ ಒಂದು ಗೇಣು ಮೇಲೆ ನಡೆಯುವ ಕೆಲಸ ಯಾವುದಿದೆ? ಊಟ ನೆಲದಲ್ಲಿ, ಪೂಜೆ ನೆಲದಲ್ಲಿ, ಹಾಲು ಹಿಂಡುವುದು ಕುಕ್ಕರಗಾಲಿನಲ್ಲಿ, ಕಳೆ ಕೀಳುವುದು ಕುಕ್ಕರಗಾಲಿನಲ್ಲಿ, ಬಯಲು ಕಡೆಗೆ ಹೋಗುವುದು, ಭಜನೆಗೆ ಕೂರುವುದು, ಸತ್ತವರ ಮನೆಯಲ್ಲಿ ಗೋಡೆಗೆ ಒರಗಿ ಕೂರುವುದು. ಕುರ್ಚಿ ನಮ್ಮ ಮನೆಗೆ ಬಂದದ್ದೇ ಅತಿಥಿಗಳಿಗಾಗಿ. ಈಗ ತಮ್ಮ ತನ್ನ ಮನೆಯಲ್ಲೇ ಅತಿಥಿಯಂತೆ ಕುರ್ಚಿಯ ಮೇಲೆ ಕೂರುತ್ತಾನೆ. ಗೌಂಡಿಯನ್ನು ಕರೆಸಿ ಕಮೋಡ್ ಹಾಕಿಸಿದೆವು. ಹಾಲು ಹಿಂಡುವುದನ್ನು ಹೆಂಡತಿ ವಹಿಸಿಕೊಂಡಳು. ಕಬ್ಬಿನ ಕೆಲಸಕ್ಕೆ ಆಳು, ಟ್ರ್ಯಾಕ್ಟರ್ ಮಾತ್ರ ಅವನದು.

ಒಂದು ಲೆಕ್ಕ ನನ್ನ ತಲೆಯಿಂದ ಹೋಗುವುದಿಲ್ಲ. ರಾಷ್ಟ್ರಮಟ್ಟದ ದಾಖಲೆಗಳನ್ನು ಆಧರಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಸೊಂಟದ ಬದಲಿ ಕೀಲುಗಳಲ್ಲಿ ಶೇಕಡಾ 58ರಷ್ಟು 25 ವರ್ಷ ಬಾಳುತ್ತವೆ. ಎಪ್ಪತ್ತರ ಅಜ್ಜನಿಗೆ ಅದು ಪೂರ್ತಿ ಆಯುಷ್ಯ. ತಮ್ಮನಿಗೆ ಆಗ 35. ಇಪ್ಪತ್ತೈದು ವರ್ಷ ಕಳೆದರೂ ಅವನಿಗೆ ಅರವತ್ತು; ಇನ್ನೊಮ್ಮೆ ಎದೆ ಗಟ್ಟಿಮಾಡಿಕೊಂಡು ಆ ಬಾಗಿಲ ಮುಂದೆ ನಿಲ್ಲಬೇಕಾದೀತು, ಆಗ ತಟ್ಟೆ ನೋಡಲು ಅವ್ವ ಇರುವುದಿಲ್ಲ. ಬಲಗಡೆಯದು ಈವರೆಗೆ ನಿಂತಿದೆ. ಆರು ತಿಂಗಳಿಗೊಮ್ಮೆ ಪರೀಕ್ಷೆ. ಪ್ರತಿ ಸಲ ವರದಿಯ ಲಕೋಟೆಯನ್ನು ನಾನೇ ತೆರೆಯುತ್ತೇನೆ, ಈಗ ಪ್ರತಿ ಪದವನ್ನೂ ಎರಡೆರಡು ಸಲ ಓದುತ್ತೇನೆ.

2024ರ ಜನವರಿಯ ಎಳ್ಳಮಾವಾಸ್ಯೆಗೆ ಮತ್ತೆ ಹೊಲಕ್ಕೆ ಹೋದೆವು. ಅವನು ನೋವಿಲ್ಲದೆ, ವಾಲದೆ, ನೀರು ತುಂಬಿದ ಕೊಡ ಹಿಡಿದು ಬದುವಿನ ಮೇಲೆ ಸುತ್ತು ಹಾಕಿ ಚರಗ ಚೆಲ್ಲಿದ. ಎರಡು ವರ್ಷದ ಮೇಲೆ ಅವನ ನೇರ ನಡಿಗೆ ಕಂಡು ನಾನು ಬೆಳೆಯ ನಡುವೆ ನಿಂತು ಅತ್ತೆ. ಊಟಕ್ಕೆ ಎಲ್ಲರೂ ಕಂಬಳಿಯ ಮೇಲೆ ಕುಳಿತರು. ಅವನು ಟ್ರೇಲರಿನ ಹಿಂಬಾಗಿಲು ಇಳಿಸಿ ಅದರ ಅಂಚಿನ ಮೇಲೆ ಕುಳಿತು, ತಟ್ಟೆಯನ್ನು ಪಕ್ಕದಲ್ಲಿಟ್ಟುಕೊಂಡ. ರೊಟ್ಟಿ ಬಡಿಸಲು ಅವ್ವ ಪ್ರತಿ ಸಲ ಎದ್ದು ಅವನ ಬಳಿಗೆ ಹೋಗಬೇಕಾಗುತ್ತಿತ್ತು, ಹೋಗುತ್ತಿದ್ದಳು. ಎಣ್ಣೆಗಾಯಿ ಹಾಕುವಾಗ ಅವನು ಕೆಳಗೆ ಕುಳಿತವರ ಗುಂಪನ್ನು ನೋಡುತ್ತಿದ್ದ ರೀತಿಯನ್ನು ನಾನು ಇಲ್ಲಿ ಬರೆಯಲಾರೆ.

ಕಳೆದ ವಾರ ಲೋಕಾಪುರದಿಂದ ಸೋದರತ್ತೆಯ ಮಗ ಫೋನ್ ಮಾಡಿದ್ದ. ಮಗಳ ಶಾಲೆಯ ವಿಷಯ ಮಾತನಾಡಿ, ಮಳೆಯ ವಿಷಯ ಮಾತನಾಡಿ, ಇಡುವ ಹೊತ್ತಿಗೆ, "ಎರಡು ತಿಂಗಳಿಂದ ಟೊಂಕ ಹಿಡಿದುಕೊಂಡಿದೆ ಅಕ್ಕಾ, ಯಾರಿಗೆ ತೋರಿಸಲಿ?" ಎಂದ. ವಯಸ್ಸು ಮೂವತ್ತೊಂದು. ಎಲ್ಲಿ ನೋವು ಎಂದು ನಾನು ಕೇಳಲಿಲ್ಲ.

"ಅಂಗಾಲಿಗೆ ಮುಳ್ಳು ಚುಚ್ಚಿದರೆ ನೀನೇ ತೆಗೆದುಕೊಳ್ಳುತ್ತೀಯಾ?"

"ಏನು?"

"ಕಾಲು ಮೇಲೆ ಬರುತ್ತದೆಯೇ ನೋಡು. ಈಗಲೇ ನೋಡು, ನಾನು ಹಿಡಿದಿರುತ್ತೇನೆ."

ಅವನು ಫೋನನ್ನು ಎಲ್ಲೋ ಇಟ್ಟ. ಮಂಚ ಕಿರುಗುಟ್ಟಿದ ಸದ್ದು ಕೇಳಿಸಿತು. ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ.